ದೀರ್ಘಾವಧಿ ಆರೈಕೆಗಾಗಿ ವೃದ್ಧಾಶ್ರಮದ ಆಯ್ಕೆ: ಹಿರಿಯ ನಾಗರಿಕರು ಹಾಗೂ ಅವರ ಕುಟುಂಬದವರಿಗೆ ಮಾಹಿತಿ

(ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ನಿವಾಸಿಗಳಿಗಾಗಿ)

1. ಪೀಠಿಕೆ

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಸುಮಾರು ಶೇ. 9.5ರಷ್ಟು ಜನರು 60 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸಿನವರಾಗಿದ್ದರು. ವಿಜಯಪುರ ಜಿಲ್ಲೆಯ ಗ್ರಾಮಗಳಿಂದ ದುಡಿಮೆ ಮತ್ತು ನೌಕರಿಗಾಗಿ ಗೋವಾ, ಮಹಾರಾಷ್ಟ್ರ ಹಾಗೂ ಬೆಂಗಳೂರಿಗೆ ತೆರಳುವ ಕುಟುಂಬಗಳು ಹಲವು. ಇಂತಹ ಸಂದರ್ಭಗಳಲ್ಲಿ ವಯೋವೃದ್ಧ ತಂದೆ-ತಾಯಂದಿರು ಊರಿನಲ್ಲಿ ಒಂಟಿಯಾಗಿ ಉಳಿಯುತ್ತಾರೆ. ಮಕ್ಕಳಿಲ್ಲದವರು ಹಾಗೂ ಸಂಗಾತಿಯನ್ನು ಕಳೆದುಕೊಂಡವರು ಸಹ ಆರೈಕೆಯ ಸಮಸ್ಯೆಯನ್ನು ಎದುರಿಸುತ್ತಾರೆ.

ವೃದ್ಧಾಶ್ರಮವನ್ನು ಆಯ್ಕೆ ಮಾಡುವಾಗ ಬಹುತೇಕ ಕುಟುಂಬಗಳು ಹಿರಿಯರ ಅಂದಿನ ಆರೋಗ್ಯ ಸ್ಥಿತಿಯನ್ನು ಮಾತ್ರ ಗಮನಿಸುತ್ತವೆ. ಪ್ರವೇಶದ ದಿನ ತಾವೇ ನಡೆದು ಬರುವ ಹಿರಿಯರು ಮುಂದೊಂದು ದಿನ ಹಾಸಿಗೆ ಹಿಡಿಯಬಹುದು. ಆ ದಿನ ಸಂಸ್ಥೆಯು ಅವರನ್ನು ನೋಡಿಕೊಳ್ಳುವುದೇ ಅಥವಾ ಮನೆಗೆ ಕರೆದುಕೊಂಡು ಹೋಗುವಂತೆ ತಿಳಿಸುವುದೇ ಎಂಬುದು ಆಯ್ಕೆಯ ಮುಖ್ಯ ಪ್ರಶ್ನೆಯಾಗಿರುತ್ತದೆ. ಈ ಪ್ರಶ್ನೆಗೆ ಪ್ರವೇಶಕ್ಕೆ ಮುಂಚೆಯೇ ಲಿಖಿತ ಉತ್ತರ ಪಡೆಯಲು ನೆರವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಹಿರಿಯರ ಸಮ್ಮತಿ

ವೃದ್ಧಾಶ್ರಮಕ್ಕೆ ಸೇರುವ ತೀರ್ಮಾನವು ಹಿರಿಯರದ್ದಾಗಿರತಕ್ಕದ್ದು. ಮಕ್ಕಳು, ಸೊಸೆಯಂದಿರು, ಅಳಿಯಂದಿರು ಹಾಗೂ ಬಂಧುಗಳು ಸಲಹೆ ನೀಡಬಹುದೇ ಹೊರತು ಒತ್ತಾಯಿಸುವಂತಿಲ್ಲ. ಈ ಸಂಬಂಧ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ.

ಅ) ಹಿರಿಯರನ್ನು ಸಂಸ್ಥೆಗೆ ಕನಿಷ್ಠ ಎರಡು ಬಾರಿ ಕರೆದೊಯ್ದು ತೋರಿಸುವುದು. ಅಲ್ಲಿ ವಾಸವಿರುವವರೊಂದಿಗೆ ಮಾತನಾಡಲು ಅವರಿಗೆ ಅವಕಾಶ ಕಲ್ಪಿಸುವುದು.
ಆ) ಸಾಧ್ಯವಿದ್ದಲ್ಲಿ ಹದಿನೈದು ದಿನ ಅಥವಾ ಒಂದು ತಿಂಗಳ ತಾತ್ಕಾಲಿಕ ವಾಸ್ತವ್ಯಕ್ಕೆ ಸಂಸ್ಥೆಯನ್ನು ಕೋರುವುದು.
ಇ) ಮರಳಿ ಮನೆಗೆ ಬರುವ ಅವಕಾಶವನ್ನು ಉಳಿಸಿಕೊಳ್ಳುವುದು. ಪ್ರವೇಶ ಪಡೆದ ಕೂಡಲೇ ಹಿರಿಯರು ವಾಸವಿದ್ದ ಮನೆಯನ್ನು ಮಾರಾಟ ಮಾಡುವುದು ಅಥವಾ ಬಾಡಿಗೆಗೆ ನೀಡುವುದು ಸೂಕ್ತವಲ್ಲ.
ಈ) ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇರುವವರಿಗೆ ಸಹ, ಅವರಿಗೆ ಅರ್ಥವಾಗುವ ಸರಳ ಮಾತಿನಲ್ಲಿ ವಿಷಯವನ್ನು ತಿಳಿಸುವುದು. “ಎರಡು ದಿನ ಆಸ್ಪತ್ರೆಗೆ” ಎಂದು ಸುಳ್ಳು ಹೇಳಿ ಬಿಟ್ಟು ಬರುವುದರಿಂದ ಅವರ ಭಯ ಮತ್ತು ಗೊಂದಲ ಹೆಚ್ಚಾಗುತ್ತದೆ.

3. ಪ್ರವೇಶಕ್ಕೆ ಮೊದಲು ಪರಿಶೀಲಿಸಬೇಕಾದ ಇತರೆ ವ್ಯವಸ್ಥೆಗಳು

ಎಲ್ಲ ಸಂದರ್ಭಗಳಲ್ಲೂ ವೃದ್ಧಾಶ್ರಮವೇ ಪರಿಹಾರವಲ್ಲ. ಹಿರಿಯರು ಮನೆಯಲ್ಲಿಯೇ ಇರಲು ಇಚ್ಛಿಸಿದಲ್ಲಿ ಈ ಕೆಳಗಿನ ಸೌಲಭ್ಯಗಳನ್ನು ಮೊದಲು ಪರಿಶೀಲಿಸತಕ್ಕದ್ದು.

3.1 ಜೀವನಾಂಶ: ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007 ಕರ್ನಾಟಕದಲ್ಲಿ ದಿನಾಂಕ 1-4-2008ರಿಂದ ಜಾರಿಯಲ್ಲಿದೆ. ತಮ್ಮ ಆದಾಯ ಅಥವಾ ಆಸ್ತಿಯಿಂದ ಜೀವನ ನಿರ್ವಹಿಸಲು ಸಾಧ್ಯವಾಗದ ತಂದೆ-ತಾಯಿ ಹಾಗೂ ಅಜ್ಜ-ಅಜ್ಜಿಯರು ತಮ್ಮ ವಯಸ್ಕ ಮಕ್ಕಳು ಅಥವಾ ಮೊಮ್ಮಕ್ಕಳಿಂದ ಜೀವನಾಂಶ ಕೋರಬಹುದು. ಹೆಣ್ಣುಮಕ್ಕಳು ಸಹ ಈ ಕಾಯ್ದೆಯ ವ್ಯಾಪ್ತಿಗೆ ಒಳಪಡುತ್ತಾರೆ. ಮಕ್ಕಳಿಲ್ಲದ ಹಿರಿಯ ನಾಗರಿಕರು ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ತಮ್ಮ ನಂತರ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದ ಕೋರಬಹುದು.

ಜೀವನಾಂಶದ ಗರಿಷ್ಠ ಮಿತಿ ಮಾಸಿಕ ರೂ. 10,000. ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸತಕ್ಕದ್ದು. ತಿಕೋಟಾ ಮತ್ತು ಬಬಲೇಶ್ವರ 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾಗಿದ್ದರೂ ವಿಜಯಪುರ ಉಪವಿಭಾಗದಲ್ಲಿಯೇ ಇರುವುದರಿಂದ, ಈ ಮೂರೂ ಪ್ರದೇಶಗಳ ನಿವಾಸಿಗಳಿಗೆ ವಿಜಯಪುರದ ಉಪವಿಭಾಗಾಧಿಕಾರಿಗಳೇ ಸಂಬಂಧಪಟ್ಟ ಪ್ರಾಧಿಕಾರಿಯಾಗಿರುತ್ತಾರೆ. ನೋಟೀಸು ಜಾರಿಯಾದ ದಿನದಿಂದ 90 ದಿನಗಳೊಳಗೆ ಅರ್ಜಿ ಇತ್ಯರ್ಥವಾಗಬೇಕು. ವಿಶೇಷ ಸಂದರ್ಭದಲ್ಲಿ ಒಂದು ಬಾರಿ 30 ದಿನಗಳವರೆಗೆ ವಿಸ್ತರಿಸಬಹುದು. ವಿಚಾರಣೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶವನ್ನು ಕೋರಲು ಅವಕಾಶವಿದೆ. ಸ್ವತಃ ಬರಲು ಅಶಕ್ತರಾದವರು ಬೇರೊಬ್ಬ ವ್ಯಕ್ತಿಗೆ ಅಥವಾ ಸಂಸ್ಥೆಗೆ ಅಧಿಕಾರ ನೀಡಿ ಅರ್ಜಿ ಸಲ್ಲಿಸಬಹುದು.

3.2 ಮಾಸಾಶನ: 65 ವರ್ಷ ಮೇಲ್ಪಟ್ಟ ಅರ್ಹರು ಸಂಧ್ಯಾ ಸುರಕ್ಷಾ ಯೋಜನೆಯಡಿ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಈ ಮಾಸಾಶನವನ್ನು 2021ರಲ್ಲಿ ರೂ. 1,200ಕ್ಕೆ ಹೆಚ್ಚಿಸಲಾಗಿದೆ.

3.3 ಹಗಲು ಯೋಗಕ್ಷೇಮ ಕೇಂದ್ರ: ರಾತ್ರಿ ಮನೆಯಲ್ಲಿ ಮಕ್ಕಳಿದ್ದು ಹಗಲು ಮಾತ್ರ ಒಂಟಿಯಾಗಿರುವ ಹಿರಿಯರಿಗೆ ಹಗಲು ಯೋಗಕ್ಷೇಮ ಕೇಂದ್ರವೇ ಸಾಕಾಗಬಹುದು. ಸಮೀಪದಲ್ಲಿ ಇಂತಹ ಕೇಂದ್ರವಿರುವ ಬಗ್ಗೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

4. ಸಂಸ್ಥೆಗಳ ವಿಧಗಳು

4.1 ಅನುದಾನಿತ ವೃದ್ಧಾಶ್ರಮಗಳು: ರಾಜ್ಯ ಅಥವಾ ಕೇಂದ್ರ ಸರ್ಕಾರದ ಅನುದಾನ ಪಡೆದು ಸ್ವಯಂಸೇವಾ ಸಂಸ್ಥೆಗಳು ನಡೆಸುವ ಆಶ್ರಮಗಳು. ನಿರ್ಗತಿಕ ಹಿರಿಯ ನಾಗರಿಕರಿಗೆ ವಸತಿ, ಊಟ ಹಾಗೂ ಸಾಮಾನ್ಯ ವೈದ್ಯಕೀಯ ತಪಾಸಣೆ ಒದಗಿಸುವುದು ಇವುಗಳ ಉದ್ದೇಶ.

4.2 ಧರ್ಮಾರ್ಥ ಸಂಸ್ಥೆಗಳು: ಮಠ, ಟ್ರಸ್ಟ್ ಅಥವಾ ದಾನಿಗಳ ನೆರವಿನಿಂದ ನಡೆಯುವಂತಹವು. ಕೆಲವೆಡೆ ಉಚಿತ, ಕೆಲವೆಡೆ ಅಲ್ಪ ಶುಲ್ಕವಿರುತ್ತದೆ.

4.3 ಶುಲ್ಕ ಆಧಾರಿತ ಖಾಸಗಿ ಆಶ್ರಮಗಳು: ಮುಂಗಡ ಠೇವಣಿ ಹಾಗೂ ಮಾಸಿಕ ಶುಲ್ಕ ಪಡೆಯುವಂತಹವು.

4.4 ಶುಶ್ರೂಷಾ ಸೌಲಭ್ಯವಿರುವ ಕೇಂದ್ರಗಳು: ಹಾಸಿಗೆ ಹಿಡಿದವರು ಹಾಗೂ ಮರೆವಿನ ಕಾಯಿಲೆ ಇರುವವರಿಗಾಗಿ ತರಬೇತಿ ಪಡೆದ ಸಿಬ್ಬಂದಿಯನ್ನು ಹೊಂದಿರುವಂತಹವು.

ಸಂಸ್ಥೆಯು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ನೋಂದಣಿಯಾಗಿದೆಯೇ ಅಥವಾ ನೋಂದಾಯಿತ ಟ್ರಸ್ಟ್ ಆಗಿದೆಯೇ ಎಂಬುದನ್ನು ಮೂಲ ಪ್ರಮಾಣ ಪತ್ರ ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು. ಆವರಣದಲ್ಲಿಯೇ ವೈದ್ಯಕೀಯ ಚಿಕಿತ್ಸೆ ನೀಡುವುದಾಗಿ ಖಾಸಗಿ ಸಂಸ್ಥೆಯು ತಿಳಿಸಿದಲ್ಲಿ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ಪಡೆದ ನೋಂದಣಿ ಪತ್ರವನ್ನು ತೋರಿಸುವಂತೆ ಕೋರತಕ್ಕದ್ದು. ಫಲಕದ ಮೇಲೆ “ಶುಶ್ರೂಷಾ ಕೇಂದ್ರ” ಎಂದು ಬರೆದಿರುವುದು ನೋಂದಣಿಗೆ ಸಾಕ್ಷಿಯಲ್ಲ.

5. ಆರೈಕೆಯ ಮಟ್ಟವನ್ನು ನಿರ್ಧರಿಸುವುದು

ಸಂಸ್ಥೆಯನ್ನು ಹುಡುಕುವ ಮೊದಲು ವೈದ್ಯರಿಂದ ಹಿರಿಯರ ತಪಾಸಣೆ ಮಾಡಿಸಿ, ಅವರು ಕೆಳಕಂಡ ಯಾವ ಹಂತದಲ್ಲಿದ್ದಾರೆ ಎಂಬುದನ್ನು ತಿಳಿಯತಕ್ಕದ್ದು.

ಒಂದನೇ ಹಂತ: ಸ್ನಾನ, ಶೌಚ, ಊಟ ಹಾಗೂ ನಡಿಗೆಯನ್ನು ತಾವೇ ನಿರ್ವಹಿಸುವವರು.
ಎರಡನೇ ಹಂತ: ಮೇಲಿನ ಕೆಲಸಗಳಲ್ಲಿ ಒಂದೆರಡಕ್ಕೆ ಇನ್ನೊಬ್ಬರ ಸಹಾಯ ಬೇಕಾಗುವವರು.
ಮೂರನೇ ಹಂತ: ಹಾಸಿಗೆ ಹಿಡಿದವರು ಅಥವಾ ಮಲ-ಮೂತ್ರದ ನಿಯಂತ್ರಣ ತಪ್ಪಿದವರು.
ನಾಲ್ಕನೇ ಹಂತ: ಮರೆವಿನ ಕಾಯಿಲೆಯಿಂದಾಗಿ ಸ್ಥಳ, ಸಮಯ ಹಾಗೂ ಮನುಷ್ಯರ ಗುರುತು ಸಿಗದೆ ನಿರಂತರ ನಿಗಾ ಅಗತ್ಯವಿರುವವರು.

ಅನೇಕ ವೃದ್ಧಾಶ್ರಮಗಳು ಒಂದನೇ ಹಂತದವರಿಗೆ ಮಾತ್ರ ಪ್ರವೇಶ ನೀಡುತ್ತವೆ. ಆದ್ದರಿಂದ ಸಂಸ್ಥೆಯ ಮುಖ್ಯಸ್ಥರಿಗೆ ಕೆಳಕಂಡ ಮೂರು ಪ್ರಶ್ನೆಗಳನ್ನು ಕಡ್ಡಾಯವಾಗಿ ಕೇಳತಕ್ಕದ್ದು.

(1) ಈಗ ನಡೆದಾಡುವ ಹಿರಿಯರು ಮುಂದೆ ಹಾಸಿಗೆ ಹಿಡಿದಲ್ಲಿ ಇಲ್ಲಿಯೇ ಮುಂದುವರಿಯಬಹುದೇ?
(2) ಮುಂದುವರಿಯಬಹುದಾದಲ್ಲಿ, ಶುಲ್ಕ ಎಷ್ಟು ಹೆಚ್ಚಾಗುತ್ತದೆ ಮತ್ತು ಯಾರು ಆರೈಕೆ ಮಾಡುತ್ತಾರೆ?
(3) ಮುಂದುವರಿಯಲಾಗದಿದ್ದಲ್ಲಿ, ಎಷ್ಟು ದಿನಗಳ ಮುಂಚಿತ ಸೂಚನೆ ನೀಡಲಾಗುತ್ತದೆ?

ಈ ಮೂರೂ ಪ್ರಶ್ನೆಗಳ ಉತ್ತರಗಳು ಒಪ್ಪಂದ ಪತ್ರದಲ್ಲಿ ಬರೆದಿರಬೇಕು. “ಆಗ ನೋಡೋಣ” ಎಂಬ ಮೌಖಿಕ ಭರವಸೆಯನ್ನು ಉತ್ತರವೆಂದು ಪರಿಗಣಿಸುವುದು ಸೂಕ್ತವಲ್ಲ.

6. ಸ್ಥಳ ಪರಿಶೀಲನೆ

ಒಂದು ಭೇಟಿಯನ್ನು ಮುಂಚಿತವಾಗಿ ತಿಳಿಸಿಯೂ, ಇನ್ನೊಂದನ್ನು ತಿಳಿಸದೆಯೂ, ಊಟದ ಸಮಯದಲ್ಲಿ ಅಥವಾ ಸಂಜೆ ಕೈಗೊಳ್ಳುವುದು ಉಪಯುಕ್ತ. ಗಮನಿಸಬೇಕಾದ ಅಂಶಗಳು:

1) ರಾತ್ರಿ ಪಾಳಿಯ ಸಿಬ್ಬಂದಿ: ರಾತ್ರಿ ಎಷ್ಟು ಜನ ಎಚ್ಚರವಾಗಿರುತ್ತಾರೆ, ಮಹಿಳಾ ನಿವಾಸಿಗಳಿಗೆ ಮಹಿಳಾ ಸಿಬ್ಬಂದಿ ಇದ್ದಾರೆಯೇ.
2) ಶೌಚಾಲಯ ಮತ್ತು ಸ್ನಾನಗೃಹ: ಜಾರದ ನೆಲ, ಹಿಡಿಕೆ, ಕುರ್ಚಿ ಮಾದರಿಯ ಶೌಚಾಸನ, ರಾತ್ರಿ ದೀಪ.
3) ನೀರು ಮತ್ತು ಬಿಸಿಲು: ವಿಜಯಪುರ ಭಾಗದಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಕುಡಿಯುವ ನೀರಿನ ಸಂಗ್ರಹ, ಫ್ಯಾನು ಅಥವಾ ಕೂಲರ್, ವಿದ್ಯುತ್ ಕಡಿತವಾದಾಗ ಬದಲಿ ವ್ಯವಸ್ಥೆ ಇರಬೇಕು. ತಗಡಿನ ಛಾವಣಿಯ ಕೋಣೆ ಹಿರಿಯರಿಗೆ ಯೋಗ್ಯವಲ್ಲ.
4) ಊಟ: ಜೋಳದ ರೊಟ್ಟಿ ರೂಢಿಯಿರುವವರಿಗೆ ಪ್ರತಿ ಹೊತ್ತು ಅನ್ನವನ್ನೇ ನೀಡಲಾಗುತ್ತಿದೆಯೇ, ಹಲ್ಲಿಲ್ಲದವರಿಗೆ ನುಚ್ಚು, ಗಂಜಿ ಅಥವಾ ಮೆತ್ತನೆಯ ಆಹಾರ ದೊರೆಯುತ್ತದೆಯೇ, ಸಕ್ಕರೆ ಕಾಯಿಲೆಯವರಿಗೆ ಪ್ರತ್ಯೇಕ ಊಟವಿದೆಯೇ.
5) ಭಾಷೆ: ಕನ್ನಡ, ಉರ್ದು, ಮರಾಠಿ ಅಥವಾ ಲಂಬಾಣಿ ಪೈಕಿ ಹಿರಿಯರು ಆಡುವ ಭಾಷೆಯನ್ನು ಬಲ್ಲ ಒಬ್ಬ ಸಿಬ್ಬಂದಿಯಾದರೂ ಇರಬೇಕು. ನೋವು ಎಲ್ಲಿದೆ ಎಂದು ಹೇಳಲಾಗದ ಸ್ಥಿತಿ ಅಪಾಯಕಾರಿ.
6) ಔಷಧಿ ವಹಿ: ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಮಾತ್ರೆ ನೀಡಲಾಯಿತು ಎಂಬ ದಾಖಲೆ ಇದೆಯೇ.
7) ಹಾಸಿಗೆ ಹಿಡಿದವರ ಸ್ಥಿತಿ: ಇಂತಹ ನಿವಾಸಿಗಳಿದ್ದಲ್ಲಿ ಅವರ ಮಗ್ಗುಲನ್ನು ಕ್ರಮಬದ್ಧವಾಗಿ ಬದಲಿಸಲಾಗುತ್ತಿದೆಯೇ, ಹಾಸಿಗೆ ಹುಣ್ಣುಗಳಾಗದಂತೆ ಯಾವ ಕ್ರಮವಿದೆ ಎಂದು ವಿಚಾರಿಸುವುದು. ಸಂಸ್ಥೆಯ ನಿಜಸ್ಥಿತಿ ಇದರಿಂದ ತಿಳಿಯುತ್ತದೆ.
8) ಆಸ್ಪತ್ರೆಯ ದೂರ: ತಿಕೋಟಾ ಅಥವಾ ಬಬಲೇಶ್ವರ ಭಾಗದ ಸಂಸ್ಥೆಯಾದಲ್ಲಿ, ರಾತ್ರಿ ವೇಳೆ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಯಾವ ವಾಹನದಲ್ಲಿ, ಯಾರು ಕರೆದೊಯ್ಯುತ್ತಾರೆ ಎಂಬುದನ್ನು ತಿಳಿಯುವುದು.
9) ಭೇಟಿಯ ಅನುಕೂಲ: ನಗರದ ದೊಡ್ಡ ಕಟ್ಟಡಕ್ಕಿಂತ, ಮಗಳು ಬಸ್ಸಿನಲ್ಲಿ ಬಂದು ಸಂಜೆಯೊಳಗೆ ಮನೆಗೆ ಮರಳಬಹುದಾದ ಸಾಧಾರಣ ಆಶ್ರಮವೇ ಕೆಲವೊಮ್ಮೆ ಉತ್ತಮ. ಶಕ್ತಿ ಯೋಜನೆಯಡಿ ಜೂನ್ 2023ರಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ.

7. ವೆಚ್ಚದ ಲೆಕ್ಕಾಚಾರ

ಮಾಸಿಕ ಶುಲ್ಕವೊಂದನ್ನೇ ವೆಚ್ಚವೆಂದು ಭಾವಿಸಬಾರದು. ಕೆಳಗಿನ ಅಂಕಿಗಳು ಲೆಕ್ಕ ಮಾಡುವ ಕ್ರಮವನ್ನು ತಿಳಿಸುವ ಉದಾಹರಣೆಗಳಾಗಿದ್ದು, ಯಾವುದೇ ಸಂಸ್ಥೆಯ ದರಗಳಲ್ಲ.

ಪ್ರವೇಶದ ವೇಳೆ: ಮಾಸಿಕ ಶುಲ್ಕ ರೂ. 9,000, ಔಷಧಿ ರೂ. 1,500, ಇತರೆ ರೂ. 500. ಒಟ್ಟು ರೂ. 11,000. ವಾರ್ಷಿಕ ರೂ. 1,32,000.

ಹಾಸಿಗೆ ಹಿಡಿದ ನಂತರ: ಮಾಸಿಕ ಶುಲ್ಕ ರೂ. 9,000, ಔಷಧಿ ರೂ. 3,000, ಡೈಪರ್ ಮುಂತಾದವು ರೂ. 3,000; ಹೆಚ್ಚುವರಿ ಸಹಾಯಕರಿಗೆ ರೂ. 6,000, ಇತರೆ ರೂ. 500. ಒಟ್ಟು ರೂ. 21,500. ವಾರ್ಷಿಕ ರೂ. 2,58,000.

ಮಾಸಿಕ ಶುಲ್ಕದಲ್ಲಿ ಬದಲಾವಣೆಯಾಗದಿದ್ದರೂ ಒಟ್ಟು ವೆಚ್ಚವು ಸುಮಾರು ದುಪ್ಪಟ್ಟಾಗುವುದನ್ನು ಗಮನಿಸಬಹುದು. ಒಂದಕ್ಕಿಂತ ಹೆಚ್ಚು ಮಕ್ಕಳಿರುವ ಕುಟುಂಬಗಳು ಯಾರು ಎಷ್ಟು ಭರಿಸಬೇಕೆಂಬುದನ್ನು ಎರಡನೇ ಲೆಕ್ಕದ ಆಧಾರದ ಮೇಲೆ ಪ್ರವೇಶಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳುವುದು ಒಳಿತು. ಕಂತು ನಿಂತಾಗ ತೊಂದರೆ ಅನುಭವಿಸುವವರು ಹಿರಿಯರೇ ಆಗಿರುತ್ತಾರೆ.

ಮುಂಗಡ ಠೇವಣಿಯ ಬಗ್ಗೆ: ಎಷ್ಟು ಭಾಗ ಮರುಪಾವತಿಯಾಗುತ್ತದೆ, ಎಷ್ಟು ದಿನಗಳಲ್ಲಿ, ಹಿರಿಯರು ನಿಧನರಾದಲ್ಲಿ ಯಾರಿಗೆ ಸಲ್ಲುತ್ತದೆ ಎಂಬುದು ಒಪ್ಪಂದದಲ್ಲಿರಬೇಕು. ಹಣವನ್ನು ಬ್ಯಾಂಕ್ ಮೂಲಕ ಪಾವತಿಸಿ ಪ್ರತಿ ಬಾರಿ ರಸೀದಿ ಪಡೆಯತಕ್ಕದ್ದು. “ದೇಣಿಗೆ” ಎಂದು ರಸೀದಿ ನೀಡಿದ ಮೊತ್ತವನ್ನು ಮುಂದೆ ಠೇವಣಿ ಎಂದು ಮರಳಿ ಕೇಳುವುದು ಕಷ್ಟವಾಗುತ್ತದೆ.

8. ಆಸ್ತಿ ವರ್ಗಾವಣೆಗೆ ಸಂಬಂಧಿಸಿದ ಎಚ್ಚರಿಕೆ

ಪ್ರವೇಶದ ಸಮಯದಲ್ಲಿ ಹೊಲ, ಮನೆ ಅಥವಾ ನಿವೇಶನವನ್ನು ಮಕ್ಕಳ ಹೆಸರಿಗೆ ಅಥವಾ ಸಂಸ್ಥೆಯ ಹೆಸರಿಗೆ ಬರೆದುಕೊಡುವಂತೆ ಹಿರಿಯರನ್ನು ಕೇಳುವ ಸಂದರ್ಭಗಳಿವೆ. ಇದಕ್ಕೆ ಅವಸರದಲ್ಲಿ ಒಪ್ಪಬಾರದು.

2007ರ ಕಾಯ್ದೆಯ ಕಲಂ 23ರ ಪ್ರಕಾರ, ಕಾಯ್ದೆ ಜಾರಿಯಾದ ನಂತರ ಹಿರಿಯ ನಾಗರಿಕರು ತಮ್ಮ ಮೂಲ ಸೌಕರ್ಯ ಹಾಗೂ ಅಗತ್ಯಗಳನ್ನು ಪೂರೈಸಬೇಕೆಂಬ ಷರತ್ತಿಗೆ ಒಳಪಟ್ಟು ಆಸ್ತಿಯನ್ನು ದಾನಪತ್ರ ಅಥವಾ ಇತರೆ ರೀತಿಯಲ್ಲಿ ವರ್ಗಾಯಿಸಿದ್ದು, ಪಡೆದವರು ಷರತ್ತನ್ನು ಪಾಲಿಸದಿದ್ದಲ್ಲಿ, ಹಿರಿಯರ ಇಚ್ಛೆಯ ಮೇರೆಗೆ ನ್ಯಾಯಮಂಡಳಿಯು ಆ ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸಬಹುದು. ಷರತ್ತು ಇರುವುದು ಈ ಕಲಂ ಅನ್ವಯಿಸಲು ಅವಶ್ಯಕವೆಂದು ಸರ್ವೋಚ್ಚ ನ್ಯಾಯಾಲಯವು ಡಿಸೆಂಬರ್ 2022ರಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ತಿಳಿಸಿದೆ. ಜನವರಿ 2025ರಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಹಿರಿಯರ ಹಿತರಕ್ಷಣೆಯ ದೃಷ್ಟಿಯಿಂದ ಕಾಯ್ದೆಯನ್ನು ಉದಾರವಾಗಿ ಅರ್ಥೈಸಬೇಕೆಂದು ಅದೇ ನ್ಯಾಯಾಲಯ ತೀರ್ಪು ನೀಡಿದೆ.

ಉದಾಹರಣೆ: ತಿಕೋಟಾ ತಾಲ್ಲೂಕಿನ 72 ವರ್ಷದ ವಿಧವೆಯೊಬ್ಬರು ತಮ್ಮ ನಾಲ್ಕು ಎಕರೆ ದ್ರಾಕ್ಷಿ ತೋಟವನ್ನು ಮಗನಿಗೆ ದಾನಪತ್ರದ ಮೂಲಕ ನೀಡುತ್ತಾರೆಂದು ಭಾವಿಸೋಣ. “ತಾಯಿಯ ಜೀವಿತಾವಧಿಯವರೆಗೆ ಊಟ, ವಸತಿ, ಔಷಧೋಪಚಾರ ಹಾಗೂ ಆರೈಕೆಯ ವೆಚ್ಚವನ್ನು ಮಗನು ಭರಿಸತಕ್ಕದ್ದು” ಎಂಬ ಒಂದು ವಾಕ್ಯ ಪತ್ರದಲ್ಲಿದ್ದರೆ, ಮಗನು ಆಶ್ರಮದ ಶುಲ್ಕವನ್ನು ನಿಲ್ಲಿಸಿದಾಗ ತಾಯಿಗೆ ದಾಖಲೆಯ ಆಧಾರವಿರುತ್ತದೆ. ಆ ವಾಕ್ಯವಿಲ್ಲದಿದ್ದಲ್ಲಿ ಷರತ್ತು ಇತ್ತೆಂದು ಸಾಬೀತುಪಡಿಸುವುದು ಅವರಿಗೆ ಕಷ್ಟವಾಗುತ್ತದೆ. ಆದ್ದರಿಂದ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗುವ ಮುನ್ನ ಪತ್ರವನ್ನು ಓದಿಸಿ ಕೇಳತಕ್ಕದ್ದು.

9. ಪ್ರವೇಶಕ್ಕೆ ಸಾಮಾನ್ಯವಾಗಿ ಅವಶ್ಯವಿರುವ ದಾಖಲಾತಿಗಳು

1) ಆಧಾರ್ ಕಾರ್ಡ್ ಅಥವಾ ವಯಸ್ಸಿನ ದೃಢೀಕರಣ
2) ಹಿರಿಯ ನಾಗರಿಕರ ಗುರುತಿನ ಚೀಟಿ (ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬಹುದು)
3) ಪಡಿತರ ಚೀಟಿ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್
4) ವೈದ್ಯಕೀಯ ತಪಾಸಣಾ ವರದಿ ಹಾಗೂ ಪ್ರಸ್ತುತ ಔಷಧಿಗಳ ಪಟ್ಟಿ
5) ಮಾಸಾಶನ ಅಥವಾ ನಿವೃತ್ತಿ ವೇತನದ ಆದೇಶ ಪ್ರತಿ
6) ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದ ಇಬ್ಬರ ಹೆಸರು ಮತ್ತು ದೂರವಾಣಿ ಸಂಖ್ಯೆ
7) ಭಾವಚಿತ್ರಗಳು

ಸಂಸ್ಥೆಗೆ ಪ್ರತಿಗಳನ್ನು ಮಾತ್ರ ನೀಡತಕ್ಕದ್ದು. ಬ್ಯಾಂಕ್ ಪಾಸ್‌ಪುಸ್ತಕ, ಎ.ಟಿ.ಎಂ. ಕಾರ್ಡ್, ಸಹಿ ಮಾಡಿದ ಖಾಲಿ ಚೆಕ್ಕು ಹಾಗೂ ಆಸ್ತಿಯ ಮೂಲ ಪತ್ರಗಳನ್ನು ಒಪ್ಪಿಸಬಾರದು. ಸರ್ಕಾರಿ ನಿವೃತ್ತಿ ವೇತನ ಪಡೆಯುವವರು ಪ್ರತಿ ವರ್ಷ ನವೆಂಬರ್‌ನಲ್ಲಿ ಜೀವಿತ ಪ್ರಮಾಣ ಪತ್ರ ಸಲ್ಲಿಸಲು ಯಾರು ನೆರವಾಗುತ್ತಾರೆಂಬುದನ್ನು ಮುಂಚಿತವಾಗಿ ನಿಗದಿಪಡಿಸಿಕೊಳ್ಳತಕ್ಕದ್ದು.

10. ಪ್ರವೇಶದ ನಂತರ ಕುಟುಂಬದ ಜವಾಬ್ದಾರಿ

ಆಶ್ರಮಕ್ಕೆ ಸೇರಿಸಿದ ಮಾತ್ರಕ್ಕೆ ಮಕ್ಕಳ ಕಾನೂನುಬದ್ಧ ಹೊಣೆ ಮುಗಿಯುವುದಿಲ್ಲ. ಮೊದಲ ಮೂರು ತಿಂಗಳು ಹಿರಿಯರಿಗೆ ಅತ್ಯಂತ ಕಷ್ಟದ ಅವಧಿ. ವಾರಕ್ಕೊಮ್ಮೆಯಾದರೂ ಭೇಟಿ, ಅದು ಆಗದಿದ್ದಲ್ಲಿ ನಿಗದಿತ ಸಮಯಕ್ಕೆ ದೂರವಾಣಿ ಕರೆ ಅಗತ್ಯ. ಭೇಟಿಯ ವೇಳೆ ತೂಕ, ಚರ್ಮ, ಉಗುರು, ಬಟ್ಟೆಗಳ ಸ್ವಚ್ಛತೆ ಹಾಗೂ ಔಷಧಿ ವಹಿಯನ್ನು ನೋಡತಕ್ಕದ್ದು. ಹಿರಿಯರೊಂದಿಗೆ ಸಿಬ್ಬಂದಿ ಇಲ್ಲದಿರುವಾಗ ಸ್ವಲ್ಪ ಹೊತ್ತು ಮಾತನಾಡತಕ್ಕದ್ದು. ಸಂಕ್ರಮಣದ ಶ್ರೀ ಸಿದ್ಧೇಶ್ವರ ಜಾತ್ರೆ, ಯುಗಾದಿ, ರಂಜಾನ್ ಮುಂತಾದ ಸಂದರ್ಭಗಳಲ್ಲಿ ಸಾಧ್ಯವಿದ್ದವರನ್ನು ಮನೆಗೆ ಕರೆದೊಯ್ಯುವುದು ಅವರ ಮನಸ್ಥಿತಿಗೆ ಹಿತಕರ.

11. ದೂರು ಮತ್ತು ಪರಿಹಾರ

1) ಹಿರಿಯರನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಅವರನ್ನು ಸಂಪೂರ್ಣವಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟು ಹೋಗುವುದು ಕಲಂ 24ರಡಿ ಅಪರಾಧ. ಮೂರು ತಿಂಗಳವರೆಗೆ ಕಾರಾಗೃಹವಾಸ ಅಥವಾ ರೂ. 5,000ದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.
2) ನ್ಯಾಯಮಂಡಳಿಯ ಆದೇಶದಿಂದ ಬಾಧಿತರಾದ ಹಿರಿಯ ನಾಗರಿಕರು ಅಥವಾ ಪೋಷಕರು 60 ದಿನಗಳೊಳಗೆ ಜಿಲ್ಲಾಧಿಕಾರಿಗಳ ಮೇಲ್ಮನವಿ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.
3) ಶುಲ್ಕ ಪಡೆದೂ ಒಪ್ಪಿದ ಸೇವೆ ನೀಡದ ಸಂಸ್ಥೆಯ ವಿರುದ್ಧ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗಿದ್ದಲ್ಲಿ ದೂರಿಗೆ ಶುಲ್ಕವಿಲ್ಲ. ರಸೀದಿ ಮತ್ತು ಒಪ್ಪಂದದ ಪ್ರತಿ ಲಗತ್ತಿಸತಕ್ಕದ್ದು.
4) ಹಲ್ಲೆ, ಕೂಡಿಹಾಕುವಿಕೆ ಅಥವಾ ಆಹಾರ ನಿರಾಕರಣೆ ಕಂಡುಬಂದಲ್ಲಿ ತಕ್ಷಣ 112ಕ್ಕೆ ಕರೆ ಮಾಡತಕ್ಕದ್ದು.

12. ಹೆಚ್ಚಿನ ಮಾಹಿತಿಗಾಗಿ ಸಂಪರ್ಕಿಸುವುದು

- ಅನುದಾನಿತ ವೃದ್ಧಾಶ್ರಮಗಳು ಹಾಗೂ ಪ್ರವೇಶದ ವಿವರ: ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿ, ವಿಜಯಪುರ
- ಜೀವನಾಂಶ ಮತ್ತು ಕಲಂ 23ರ ಅರ್ಜಿ: ಉಪವಿಭಾಗಾಧಿಕಾರಿಗಳ ಕಚೇರಿ, ವಿಜಯಪುರ
- ಮಾಸಾಶನ: ಸಂಬಂಧಪಟ್ಟ ನಾಡಕಚೇರಿ ಅಥವಾ ವಿಜಯಪುರ, ತಿಕೋಟಾ, ಬಬಲೇಶ್ವರ ತಹಶೀಲ್ದಾರರ ಕಚೇರಿ
- ಉಚಿತ ಕಾನೂನು ನೆರವು: ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ವಿಜಯಪುರ, ಸಹಾಯವಾಣಿ 15100. ಮಹಿಳೆಯರಿಗೆ ಆದಾಯ ಮಿತಿ ಅನ್ವಯಿಸುವುದಿಲ್ಲ.
- ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ: 14567
- ಆಂಬುಲೆನ್ಸ್: 108

ಸೂಚನೆ: ಒಪ್ಪಂದ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕುವ ಮುನ್ನ ಅದನ್ನು ಹಿರಿಯರಿಗೆ ಅವರ ಭಾಷೆಯಲ್ಲಿ ಓದಿ ಹೇಳತಕ್ಕದ್ದು. ಹಾಸಿಗೆ ಹಿಡಿದಾಗಿನ ಆರೈಕೆ, ಶುಲ್ಕದ ಹೆಚ್ಚಳ, ಠೇವಣಿಯ ಮರುಪಾವತಿ ಹಾಗೂ ಮರಳಿ ಮನೆಗೆ ಹೋಗುವ ಅವಕಾಶ, ಈ ನಾಲ್ಕು ಅಂಶಗಳು ಬರವಣಿಗೆಯಲ್ಲಿ ಇಲ್ಲದಿದ್ದಲ್ಲಿ ಪ್ರವೇಶವನ್ನು ಮುಂದೂಡುವುದು ಸೂಕ್ತ.